ಮಡಗುಶಾಸ್ತ್ರ: ಸೋಮನಹಳ್ಳಿ ಸೀಮೆಯ ಟ್ರಂಕು, ಅಟ್ಟ, ಗೂಡುಗಳ ತತ್ತ್ವವಿಚಾರ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲೂ ಅದರ ಆಚೀಚೆ ಮಂಡ್ಯ, ಮಳವಳ್ಳಿಗಳವರೆಗೆ ಹಬ್ಬಿರುವ ಸೀಮೆಯಲ್ಲೂ ಮನೆವಾರ್ತೆ, ದೈವಭಕ್ತಿ, ಉಡಿಗೆತೊಡಿಗೆ, ಬಿಡುವಿನ ವೇಳೆಯ ಕೈಗೆಲಸ ಎಂಬ ನಾಲ್ಕು ವ್ಯವಹಾರಗಳನ್ನು ಒಂದೇ ಒಂದು ಕ್ರಿಯಾಪದ ಹೊತ್ತು ನಿಂತಿದ್ದರೂ ವಿದ್ವಾಂಸರು ಈವರೆಗೆ ಅದರ ಕಡೆ ಕಣ್ಣೆತ್ತಿ ನೋಡಿದಂತಿಲ್ಲ. ಆ ಕ್ರಿಯಾಪದವೇ 'ಮಡಗು'. ಶಿಷ್ಟ ಕನ್ನಡದ 'ಇಡು' ಎಂಬುದಕ್ಕೆ ಇದು ಸಮಾನಪದವೆಂದು ಹೇಳಿ ಕೈತೊಳೆದುಕೊಳ್ಳುವವರು ಉಂಟು. ಆದರೆ ಇಡುವವನಿಗೆ ಇಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವ ಉದ್ದೇಶ ಇರುತ್ತದೆ, ಮಡಗುವವನಿಗೆ ಅಂಥ ಆತುರವೇನೂ ಇರುವುದಿಲ್ಲ ಎಂಬ ಸೂಕ್ಷ್ಮಭೇದ ಅವರ ಗಮನಕ್ಕೆ ಬಂದಿಲ್ಲ. ಈ ಸೀಮೆಯಲ್ಲಿ ಮಗುವಿಗೆ ಹೆಸರು ಮಡಗುತ್ತಾರೆ, ಒಡವೆಯನ್ನು ಅಡವು ಮಡಗುತ್ತಾರೆ, ಸತ್ತವರಿಗೆ ಎಡೆ ಮಡಗುತ್ತಾರೆ, ದೇವರ ಮೇಲೆ ನಂಬಿಕೆ ಮಡಗುತ್ತಾರೆ, ಹರಿದ ಪಂಚೆಯನ್ನು ಅಟ್ಟದ ಮೇಲೆ ಮಡಗುತ್ತಾರೆ. ಈ ಐದರಲ್ಲೂ ಕ್ರಿಯೆ ಒಂದೇ ಆಗಿರುವುದರಿಂದ ನಂಬಿಕೆಯೂ ಹರಿದ ಪಂಚೆಯೂ ಒಂದೇ ವರ್ಗದ ಪದಾರ್ಥಗಳೆಂದು ತರ್ಕಶಾಸ್ತ್ರದ ಪ್ರಕಾರ ಒಪ್ಪಬೇಕಾಗುತ್ತದೆ. ಪ್ರಸ್ತುತ ಗ್ರಂಥದ ಪ್ರತಿಪಾದನೆ ಇಷ್ಟು: ಈ ಸೀಮೆಯಲ್ಲಿ ಯಾವ ವಸ್ತುವೂ ಹಳೆಯದಾಗುವುದಿಲ್ಲ, ಮಡಗಿದ್ದಾಗುತ್ತದೆ.

ಈ ಪದಕ್ಕೆ ವಿರುದ್ಧಪದ ಹುಡುಕಲು ಹೊರಟವರಿಗೆ ಆಗುವ ಫಜೀತಿಯೇ ಶಾಸ್ತ್ರದ ಮೊದಲ ಅಧಿಕರಣ, ಎಂದರೆ ಮೊದಲ ವಿಚಾರಭಾಗ. 'ಬಿಸಾಕು' ಎಂಬ ಮಾತು ಇದೆಯಾದರೂ ಅದು ಬೈಗುಳದ ಜೊತೆಯಲ್ಲದೆ ಒಂಟಿಯಾಗಿ ತಿರುಗಾಡುವುದು ಕಡಿಮೆ. 'ಬಿಡು' ಎಂಬುದು ಇಲ್ಲಿನ ಬಾಯಲ್ಲಿ 'ಬುಡು' ಆಗಿ, ಕೈಯಲ್ಲಿರುವುದನ್ನು ತೊರೆ ಎಂಬ ತ್ಯಾಗಾರ್ಥವನ್ನು ಕೊಡಬೇಕಾಗಿತ್ತು. ಆದರೆ ಅದರ ಮುಂದೆ 'ಇರ್ಲಿ' ಎಂಬುದು ಬಂದು ನಿಂತು 'ಇರ್ಲಿ ಬುಡು' ಎಂದಾದ ಕೂಡಲೇ ತ್ಯಾಗವೆಲ್ಲ ಆವಿಯಾಗಿ, ವಸ್ತು ಇದ್ದಲ್ಲೇ ಇರತಕ್ಕದ್ದು ಎಂಬ ಆಜ್ಞೆ ಹುಟ್ಟುತ್ತದೆ. ತೊರೆಯುವ ಕ್ರಿಯಾಪದವೇ ಉಳಿಸಿಕೊಳ್ಳುವ ಕ್ರಿಯಾಪದವಾಗಿ ಪಕ್ಷಾಂತರ ಮಾಡುವ ಈ ಚಮತ್ಕಾರವನ್ನು ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಚರ್ಚಿಸಿಲ್ಲ. ಹದಿಮೂರನೆಯ ಶತಮಾನದಲ್ಲಿ ತಗಡಿನ ಟ್ರಂಕು ಇಲ್ಲದಿದ್ದುದೇ ಅದಕ್ಕೆ ಕಾರಣವಿರಬೇಕು. 'ಇರ್ಲಿ ಬುಡು' ಎಂಬುದು ಶಾಸ್ತ್ರದ ಮೊದಲ ಸೂತ್ರವಾದರೆ ಎರಡನೆಯದು 'ಯಾತಕ್ಕಾದ್ರೂ ಆಯ್ತದೆ', ಎಂದರೆ ಉಪಯೋಗ ಇಂದು ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಮೂರನೆಯದು 'ದೇವ್ರು ಮಡಗ್ದಂಗೆ'. 'ಹೆಂಗಿದ್ದೀರಿ' ಎಂದು ಕೇಳಿದವರಿಗೆ 'ದೇವ್ರು ಮಡಗ್ದಂಗೆ ಇದ್ದೀವಿ' ಎಂಬ ಉತ್ತರ ಸಿಗುವಾಗ, ಮನುಷ್ಯನೂ ಯಾವುದೋ ದೊಡ್ಡ ಅಟ್ಟದ ಮೇಲೆ ಮಡಗಿದ ಒಂದು ಸಾಮಾನು, ಅವನನ್ನೂ ಯಾರೋ ಯಾತಕ್ಕಾದರೂ ಆಗುತ್ತದೆಂದು ಉಳಿಸಿಕೊಂಡಿದ್ದಾರೆ ಎಂಬ ದರ್ಶನ ಅದರೊಳಗೆ ಅಡಗಿದೆ. ವೇದಾಂತಿಗಳು ಇದನ್ನೇ ಇನ್ನಷ್ಟು ದೊಡ್ಡ ಪದಗಳಲ್ಲಿ ಹೇಳುತ್ತಾರೆ.

ಶಾಸ್ತ್ರದ ಪ್ರಾಚೀನತೆಗೆ ಶಿಲಾಸಾಕ್ಷ್ಯ ಬೇಕೆನ್ನುವವರಿಗೆ ಇದೇ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ತೋರಿಸಬಹುದು. ಕ್ರಿ.ಶ. 949–50ರ ಆ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು; ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಎಂದರೆ ಅಲ್ಲಿನ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಲಾಯಿತು. ಸತ್ತ ನಾಯಿಯನ್ನೂ ಹೋಗಗೊಡದೆ ಕಲ್ಲಿನಲ್ಲಿ ಮಡಗಿದ ಸೀಮೆಯ ಜನ ಸಾವಿರ ವರ್ಷದ ಮೇಲೆ ಹಾರ್ಲಿಕ್ಸ್ ಸೀಸೆಯನ್ನು ಬಿಸಾಡುತ್ತಾರೆಂದು ನಿರೀಕ್ಷಿಸುವುದು ಇತಿಹಾಸಪ್ರಜ್ಞೆಯ ಕೊರತೆ. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಡಗಿದ್ದಾರೆ. ವಸ್ತುಸಂಗ್ರಹಾಲಯವೆಂದರೆ ಸರ್ಕಾರದ ಅಟ್ಟ.

ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಿಗಾಗಿ ಹಳೆಯ ಮೈಸೂರಿನ ಹಳ್ಳಿಹಳ್ಳಿಗಳ ಕಲ್ಲುಬರಹಗಳನ್ನು ಪ್ರತಿಮಾಡಿಸಿದರೂ ಅಡುಗೆಮನೆಗಳ ಒಳಗೆ ಹೋಗದ ಕಾರಣ ಈ ಸೀಮೆಯ ಅತ್ಯಂತ ವಿಪುಲವಾದ ಶಾಸನರಾಶಿ ಅಪ್ರಕಟಿತವಾಗಿಯೇ ಉಳಿಯಿತು. ಇಲ್ಲಿ ಉದ್ದೇಶಿಸಿರುವುದು ಪಾತ್ರೆಶಾಸನಗಳನ್ನು. ಮದುವೆ, ಗೃಹಪ್ರವೇಶಗಳಿಗೆ ಬಂದ ನಂಟರು ಮುಯ್ಯಿಯಾಗಿ ಕೊಡುವ ಸ್ಟೀಲಿನ ತಪ್ಪಲೆ, ಕೊಳದಪ್ಪಲೆ, ಟಿಫನ್ ಕ್ಯಾರಿಯರ್‌ಗಳ ಮೇಲೆ ಅಂಗಡಿಯವರು ಕಟಕಟ ಎನ್ನುವ ಪುಟ್ಟ ಯಂತ್ರದಿಂದ ಚುಕ್ಕಿಚುಕ್ಕಿಯಾಗಿ ಕೊರೆದುಕೊಡುವ ಬರಹದಲ್ಲಿ ದಾನಿಯ ಹೆಸರು, ಊರು, ಸಂದರ್ಭ, ತಾರೀಖು ಎಲ್ಲವೂ ಇರುತ್ತವೆ. ಮುಯ್ಯಿ ಎಂದರೆ ಉಡುಗೊರೆಯಲ್ಲ, ಮುಂದೆ ಅವರ ಮನೆಯ ಶುಭಕಾರ್ಯಕ್ಕೆ ತಪ್ಪದೆ ಹಿಂತಿರುಗಿಸಬೇಕಾದ ಸಾಲ. ಆದ್ದರಿಂದ ಆ ಪಾತ್ರೆ ಒಂದು ಸಾಲಪತ್ರವೂ ಹೌದು. ಯಾರ ಹೆಸರು ಕೊರೆದಿದೆಯೋ ಅವರ ಮಗಳ ಮದುವೆಗೆ ಅದೇ ಪಾತ್ರೆಯನ್ನು ಕಣ್ತಪ್ಪಿ ಮುಯ್ಯಿ ಮಾಡಿದ ಪ್ರಕರಣಗಳು ಶಾಸ್ತ್ರದಲ್ಲಿ 'ಪುನರಾವರ್ತನ ದೋಷ' ಎನಿಸಿಕೊಳ್ಳುತ್ತವೆ, ಮತ್ತು ಅದಕ್ಕೆ ಪ್ರಾಯಶ್ಚಿತ್ತವನ್ನು ಯಾವ ಸ್ಮೃತಿಕಾರನೂ ವಿಧಿಸಿಲ್ಲ.

ಇನ್ನು ಆಶ್ರಯಸ್ಥಾನಗಳು, ಎಂದರೆ ಮಡಗುವ ಜಾಗಗಳು. ಅಟ್ಟ, ನಾಗಂದಿಗೆ, ಮಂಚದ ಕೆಳಗು, ಬೀರುವಿನ ತಲೆ, ಟ್ರಂಕು, ಗೂಡು ಎಂಬಿವು ಪ್ರಸಿದ್ಧವಾದವು. ಇವುಗಳಲ್ಲಿ ಗೂಡು ಎಂಬುದು ಗೋಡೆಯಲ್ಲೇ ಬಿಟ್ಟ ಸಣ್ಣ ಪೊಟರೆ. ದೀಪಕ್ಕೊಂದು, ದೇವರಿಗೊಂದು, ಎಲೆಯಡಿಕೆಗೊಂದು ಗೂಡು ಇರುತ್ತಿದ್ದ ಕಾಲ ಹೋಗಿ ಈಗ ಮೊಬೈಲ್ ಚಾರ್ಜರಿಗೆ ಒಂದು ಉಳಿದಿದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವ ರೇಷ್ಮೆಹುಳ ಚಂದ್ರಿಕೆಯ ಮೇಲೆ ಕಟ್ಟುವುದಕ್ಕೂ ಗೂಡೆಂದೇ ಹೆಸರಿರುವುದು ಆಕಸ್ಮಿಕವಲ್ಲ: ತನ್ನ ಬಾಯಿಂದ ಎಳೆ ತೆಗೆದು, ತನ್ನ ಸುತ್ತಲೇ ಸುತ್ತಿ, ಒಳಗೆ ತನ್ನನ್ನೇ ಮಡಗಿಕೊಳ್ಳುವ ಆ ಹುಳವನ್ನು ಈ ಶಾಸ್ತ್ರದ ಆದಿಗುರು ಎನ್ನಬಹುದು. ಅದು ಹೊರಗೆ ಬರಬೇಕೆನ್ನುವ ಹೊತ್ತಿಗೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಾರೆಂಬುದು ಗುರುಚರಿತ್ರೆಯ ದುಃಖದ ಭಾಗ. ಆ ನೂಲೇ ಸೀರೆಯಾಗಿ ಮತ್ತೆ ಟ್ರಂಕಿನ ಕತ್ತಲೆಗೆ ಹೋಗುತ್ತದೆಂಬುದು ಸಮಾಧಾನದ ಭಾಗ.

ಟ್ರಂಕನ್ನು ಪುರಾತತ್ತ್ವಜ್ಞರು ಉತ್ಖನನ ಮಾಡುವಂತೆ ಮೇಲಿನಿಂದ ಕೆಳಗೆ ಪದರ ಪದರವಾಗಿ ಬಿಡಿಸಬೇಕು. ಮೇಲ್ಪದರದಲ್ಲಿ ಕಳೆದ ಹಬ್ಬಕ್ಕೆ ನಂಟರು ಮಡಿಲು ತುಂಬಿದ, ಒಮ್ಮೆಯೂ ಮಡಿಕೆ ಬಿಚ್ಚದ ಪಾಲಿಯೆಸ್ಟರ್ ಸೀರೆಗಳು ಇರುತ್ತವೆ. ಇವು ಉಡುವುದಕ್ಕಲ್ಲ, ಇನ್ನೊಬ್ಬರ ಮಡಿಲು ತುಂಬುವುದಕ್ಕೆ ಸದಾ ಸಂಚಾರದಲ್ಲಿರುವ ನಾಣ್ಯಗಳು, ಮತ್ತು ಹೀಗೆ ಊರೂರು ತಿರುಗಿ ಮೂರು ನಾಲ್ಕು ವರ್ಷಗಳ ಮೇಲೆ ಹೊರಟ ಮನೆಗೇ ವಾಪಸು ಬಂದು ಸೇರಿದ ಸೀರೆಯನ್ನು ಗುರುತು ಹಿಡಿದೂ ಗುರುತಿಲ್ಲದವರಂತೆ ಸ್ವೀಕರಿಸುವುದು ಶಿಷ್ಟಾಚಾರ. ಎರಡನೆಯ ಪದರ ಆರತಕ್ಷತೆಯ ಕೋಟಿನದು. ಮದುಮಗ ಒಂದು ಸಂಜೆ, ಅದೂ ಬೆವರುತ್ತ, ತೊಟ್ಟು ನಿಂತ ಈ ಉಡುಪು ಆಮೇಲೆ ಯಾವತ್ತೂ ಅವನಿಗೆ ಹಿಡಿಸಿದ್ದಿಲ್ಲವಾದರೂ ಮಗನಿಗೆ ಆಗುತ್ತದೆಂದು ಮಡಗಲಾಗುತ್ತದೆ, ಮಗ ಅದನ್ನು ನೋಡಿ ನಗುತ್ತಾನೆ, ಮತ್ತೆ ಮಡಗಲಾಗುತ್ತದೆ. ಅದರ ಕೆಳಗೆ ಟೆರಿಕಾಟ್ ಷರಟು, ಬೆಲ್‌ಬಾಟಮ್ ಪ್ಯಾಂಟು, ಸಫಾರಿ, ನೈಲೆಕ್ಸ್ ಸೀರೆ, ಬಲೂನಿನಂತೆ ಉಬ್ಬಿದ ಪಫ್ ತೋಳಿನ ಕುಪ್ಪಸ ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ. ಪಟಾಪಟಿ ಚಡ್ಡಿ ಮಾತ್ರ ಯಾವ ಟ್ರಂಕಿನಲ್ಲೂ ದೊರೆತಿಲ್ಲ. ಅದು ಸಾಯುವವರೆಗೂ ಸೇವೆಯಲ್ಲಿದ್ದು ನೇರವಾಗಿ ಒರಸುವ ಬಟ್ಟೆಯ ಪದವಿಗೆ ಏರುವುದರಿಂದ ಅದಕ್ಕೆ ವಿಶ್ರಾಂತಿಯ ಯೋಗ ಇಲ್ಲ.

ಉಡುಪಿನ ಅಚ್ಚುಕಟ್ಟಿಗೆ ಈ ಊರು ಹೊರಲೋಕದಲ್ಲಿ ಹೆಸರಾದದ್ದು ಬೇರೊಂದು ಕಾರಣದಿಂದ. 1932ರಲ್ಲಿ ಇಲ್ಲಿ ಹುಟ್ಟಿ, 1999ರಿಂದ 2004ರವರೆಗೆ ರಾಜ್ಯದ ಮುಖ್ಯಮಂತ್ರಿಯೂ ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರೂ ದೇಶದ ವಿದೇಶಾಂಗ ಸಚಿವರೂ ಆದ ಎಸ್. ಎಂ. ಕೃಷ್ಣ ಅವರ ಹೆಸರಿನ ಮೊದಲಕ್ಷರದಲ್ಲಿರುವುದು ಸೋಮನಹಳ್ಳಿಯೇ. ಊರು ತನ್ನ ಹೆಸರನ್ನು ಒಂದು ಅಕ್ಷರದೊಳಗೆ ಮಡಿಸಿ ಮಡಗಿ ದಿಲ್ಲಿಗೆ ಕಳಿಸಿದ್ದು ಮಡಗುಶಾಸ್ತ್ರದ ಬಹಳ ದೊಡ್ಡ ಸಾಧನೆ ಎಂದೇ ಹೇಳಬೇಕು. ಅವರ ಗರಿಗರಿ ಉಡುಪು ರಾಜಕೀಯ ವಲಯದಲ್ಲಿ ಮಾತಾಗಿದ್ದ ಕಾಲದಲ್ಲೂ ಸೀಮೆಯ ಉಳಿದ ಜನ ಹೆಗಲ ಮೇಲಿನ ಟವೆಲನ್ನು ಇಳಿಸಲಿಲ್ಲ. ಅದು ಬೆವರೊರಸಲು, ಕೂರಲು, ತಲೆಗೆ ಸುತ್ತಲು, ಎಳನೀರು ವ್ಯಾಪಾರದಲ್ಲಿ ಬೆರಳು ಮುಚ್ಚಿ ದರ ಹೇಳಲು ಒದಗುವುದರಿಂದ ಅದನ್ನು ಬಟ್ಟೆ ಎಂಬುದಕ್ಕಿಂತ ಉಪಕರಣವೆಂದು ಗಣಿಸುವುದು ಸರಿ.

ಟ್ರಂಕಿನ ಗರ್ಭಗುಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಹಳೆಯ ದಿನಪತ್ರಿಕೆಯ ಮೇಲೆ, ಬಿಳಿಯ ಪಂಚೆಯ ತುಂಡಿನಲ್ಲಿ ಸುತ್ತಿ ಮಲಗಿಸಿರುವುದು ಮೈಸೂರು ರೇಷ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ಸ್ಥಾಪಿಸಿದ, 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿರುವ ಕಾರ್ಖಾನೆಯಲ್ಲಿ ನೇಯುವ ಈ ಸೀರೆಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಎಂದರೆ ಇಂಥ ಊರಿನದೇ ಈ ಸರಕು ಎಂಬ ಕಾನೂನಿನ ಮುದ್ರೆ, ಸಿಕ್ಕಿತು. ಅದರ ಜರಿಯಲ್ಲಿ ನಿಜವಾದ ಬೆಳ್ಳಿಯೂ ತುಸು ಚಿನ್ನವೂ ಇರುವುದರಿಂದಲೇ 'ಹಳೇ ರೇಷ್ಮೆ ಸೀರೆ, ಹಳೇ ಜರಿ' ಎಂದು ಕೂಗಿಕೊಂಡು ಬರುವವರು ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಆ ಕೂಗು ಕೇಳಿದ ಕೂಡಲೇ ಟ್ರಂಕಿನ ಬೀಗವನ್ನು ಇನ್ನೊಮ್ಮೆ ಎಳೆದು ನೋಡುವುದು ಮನೆಯ ಹಿರಿಯಳ ಕರ್ತವ್ಯ. ಸೀರೆಯ ಕಾವಲಿಗೆ ನುಸಿಗುಳಿಗೆಗಳು ಇರುತ್ತವೆ. ಘನರೂಪದಿಂದ ದ್ರವವಾಗದೆ ನೇರವಾಗಿ ಆವಿಯಾಗುವ ಕ್ರಿಯೆಗೆ ವಿಜ್ಞಾನದಲ್ಲಿ ಉತ್ಪತನವೆಂದು ಹೆಸರು, ಮತ್ತು ನುಸಿಗುಳಿಗೆ ಹಾಗೆ ವರ್ಷವರ್ಷಕ್ಕೆ ಸಣ್ಣದಾಗುತ್ತ ಕೊನೆಗೆ ವಾಸನೆಯೊಂದನ್ನೇ ಉಳಿಸಿ ಮಾಯವಾಗುತ್ತದೆ. ಮಡಗಿದ್ದು ತಾನಾಗಿ ಕರಗಿಹೋಗುವ ಏಕೈಕ ಉದಾಹರಣೆ ಇದಾಗಿರುವುದರಿಂದ ಶಾಸ್ತ್ರಜ್ಞರು ನುಸಿಗುಳಿಗೆಯನ್ನು ಅನುಮಾನದಿಂದಲೇ ನೋಡುತ್ತಾರೆ.

ಹತ್ತಿಬಟ್ಟೆಯ ಗತಿ ಬೇರೆ. ಅದಕ್ಕೆ ಟ್ರಂಕಿನ ಮೋಕ್ಷವಿಲ್ಲ, ಪುನರ್ಜನ್ಮವಿದೆ. ಹೊಸ ಸೀರೆಯಾಗಿ ಬಂದದ್ದು ಎರಡು ಮೂರು ವರ್ಷಕ್ಕೆ ಹೊಲಗದ್ದೆಯ ಸೀರೆಯಾಗಿ, ಅಲ್ಲಿಂದ ಕೂಸಿನ ಜೋಲಿಯಾಗಿ, ಕೂಸು ಇಳಿದ ಮೇಲೆ ಕೆಳಗೆ ಹಾಸುವ ಪದರಬಟ್ಟೆಯಾಗಿ, ಆಮೇಲೆ ಕೊಡದ ಕೆಳಗೆ ತಲೆಗೆ ಸುತ್ತುವ ಸಿಂಬಿಯಾಗಿ, ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ, ಕೊನೆಗೆ ಬಚ್ಚಲೊಲೆಗೆ ಉರಿ ಹಚ್ಚುವ ಚಿಂದಿಯಾಗಿ ತನ್ನ ಕರ್ಮವನ್ನು ಸವೆಸುತ್ತದೆ. ಬಿಳಿಯ ಪಂಚೆಗಾದರೆ ಇನ್ನೊಂದು ಉತ್ತಮ ಜನ್ಮ ಉಂಟು: ಮಡಿಯಿಂದ ಒಗೆದು ಸೀಳಿ, ಅಂಗೈಯಲ್ಲಿ ಹೊಸೆದು, ದೀಪದ ಬತ್ತಿಯಾಗುವುದು. ಅಜ್ಜನ ಪಂಚೆ ಸಂಜೆ ಹೊತ್ತು ದೇವರ ಮುಂದೆ ಉರಿಯುವುದನ್ನು ಕಂಡವರಿಗೆ ಬಟ್ಟೆಗೂ ಭಕ್ತಿಗೂ ಇರುವ ನಂಟನ್ನು ಬೇರೆ ಪ್ರಮಾಣಗಳಿಂದ ಸಾಧಿಸಿ ತೋರಿಸುವ ಅಗತ್ಯವಿಲ್ಲ. ಬಟ್ಟೆಯ ತುಂಡಿನ ಶಕ್ತಿಯನ್ನು ರಾಜ್ಯಶಾಸ್ತ್ರವೂ ಬಲ್ಲದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದಲ್ಲಿ ಒಂದು ಬಾವುಟ ಹಾರಿಸುವುದಕ್ಕಾಗಿ ಜನ ಸಾಲುಗಟ್ಟಿ ಸೆರೆಮನೆಗೆ ಹೋದರು.

ಈ ಚಿಂದಿಗಳ ಸುತ್ತ ಬೆಳೆದ ಕಲೆಗಳನ್ನು ಈಚೆಗೆ 'ಹಾಬಿ' ಎನ್ನುವ ರೂಢಿ ಬಂದಿದೆ. ಹಾಬಿ ಎಂದರೆ ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕೆ ಮಾಡುವ ಕೆಲಸ ಎಂದು ಹೇಳುತ್ತಾರಾದರೂ, ಮಧ್ಯಾಹ್ನ ಮುಸುರೆ ತೊಳೆದು ಹಾಕಿ ಜಗಲಿಯ ಮೇಲೆ ಕೂತು ಹಳೆಯ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುವವರು ಅದನ್ನು ಸಂತೋಷವೆಂದೂ ಕರೆದವರಲ್ಲ, ಕಷ್ಟವೆಂದೂ ಕರೆದವರಲ್ಲ, 'ಸುಮ್ನೆ ಕೂರೋ ಬದ್ಲು' ಎಂದು ಕರೆದರು. ಪ್ಲಾಸ್ಟಿಕ್ ವೈರಿನ ಬುಟ್ಟಿ, ಕ್ರೋಷಾದ ರೇಡಿಯೋ ಮುಸುಕು, ಮಣಿ ಪೋಣಿಸಿದ ಬಾಗಿಲ ತೋರಣ, ಚೌಕಟ್ಟಿನೊಳಗೆ ಉಲ್ಲನ್ನಿನ ಎರಡು ಹಂಸ, ಬಳೆಚೂರಿನ ನವಿಲು ಇವೆಲ್ಲ ಈ ಸಂಪ್ರದಾಯದ ಶಿಖರಕೃತಿಗಳು. ರೇಡಿಯೋ ಹೋಗಿ ಮೂವತ್ತು ವರ್ಷವಾದ ಮೇಲೂ ಅದರ ಮುಸುಕು ಉಳಿದಿರುವುದು, ಅದಕ್ಕೆ ಹೊಂದುವ ಅಳತೆಯ ಪೆಟ್ಟಿಗೆಯೊಂದನ್ನು ಮನೆಯವರು ಹುಡುಕುತ್ತಿರುವುದು, ಕಲೆ ಜೀವನಕ್ಕಿಂತ ದೀರ್ಘವಾದುದೆಂಬ ಮಾತಿಗೆ ಸಾಕ್ಷಿ.

ಇಲ್ಲಿಗೆ ಪೂರ್ವಪಕ್ಷವನ್ನು, ಎಂದರೆ ಖಂಡಿಸುವ ಮೊದಲು ಮರ್ಯಾದೆಯಿಂದ ಎತ್ತಿ ತೋರಿಸಬೇಕಾದ ಎದುರಾಳಿಯ ವಾದವನ್ನು, ವಿಚಾರಕ್ಕೆ ತೆಗೆದುಕೊಳ್ಳಬೇಕು. ಜಪಾನಿನ ಮಾರಿ ಕೊಂಡೊ ಎಂಬ ಲೇಖಕಿ 2010ರ ಕೊನೆಯಲ್ಲಿ ಪ್ರಕಟಿಸಿದ, ಬಳಿಕ ಹಲವು ಭಾಷೆಗಳಿಗೆ ಹೋದ ಪುಸ್ತಕವೊಂದರ ಪ್ರಕಾರ, ಮನೆಯ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು ಇದರಿಂದ ಮನಸ್ಸಿಗೆ ಸಂತಸ ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಆಗದಿದ್ದರೆ ಅದಕ್ಕೆ ಕೃತಜ್ಞತೆ ಹೇಳಿ ಕಳಿಸಿಕೊಡಬೇಕು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಎಲ್ಲಕ್ಕಿಂತ ಕೊನೆಗೆ ನೆನಪಿನ ವಸ್ತುಗಳು ಎಂಬ ಕ್ರಮವನ್ನು ತಪ್ಪಬಾರದು. ಈ ಮತ ಬೆಂಗಳೂರಿನಲ್ಲಿ ಕೆಲಸ ಮಾಡುವ ಸೊಸೆಯಂದಿರ ಮೂಲಕ ಸೀಮೆಯೊಳಗೆ ಬಂದಾಗ ಮೊದಲ ತೊಡಕಾದದ್ದು ಆಚಾರ್ಯರ ಹೆಸರೇ. ಮಾರಿಯ ಹಬ್ಬದಲ್ಲಿ ಕೆಂಡ ಹರಡಿ ಹಾಯುವುದಕ್ಕೆ ಕೊಂಡ ಎನ್ನುವ ಸೀಮೆಯಲ್ಲಿ 'ಮಾರಿ ಕೊಂಡೊ' ಎಂದರೆ ಯಾವೂರ ಮಾರಿಯ ಕೊಂಡ, ಯಾವತ್ತು ಎಂದು ಕೇಳುವವರೇ ಹೆಚ್ಚು. ಮನೆ ಸಾಮಾನನ್ನೆಲ್ಲ ಹೊರಗೆ ಹಾಕುವ ವಿಧಾನ ಕೇಳಿದ ಮೇಲೆ 'ಓಹೋ, ಇರೋದ್ನೆಲ್ಲ ಮಾರ್ಕೊಂಡೋಗದಾ' ಎಂದು ಪದವಿಭಾಗ ಮಾಡಿದವರೂ ಉಂಟು.

ಹೆಸರನ್ನು ಬಿಟ್ಟು ತತ್ತ್ವಕ್ಕೆ ಬಂದರೆ, ಸಂತಸವೆಂಬುದು ಇಲ್ಲಿನ ಪ್ರಮಾಣಶಾಸ್ತ್ರದಲ್ಲಿ, ಎಂದರೆ ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕೆಂದು ಹೇಳುವ ಶಾಸ್ತ್ರದಲ್ಲಿ, ಪ್ರಮಾಣವೇ ಅಲ್ಲ. ಒನಕೆ ಸಂತಸ ಕೊಡುವುದಿಲ್ಲ, ಆದರೆ ಒನಕೆಯಿಲ್ಲದೆ ಮದುವೆಯ ಅಕ್ಕಿಶಾಸ್ತ್ರ ನಡೆಯುವುದಿಲ್ಲ. ಸೊಸೆ ಪ್ರತ್ಯಕ್ಷವನ್ನು ಮುಂದಿಟ್ಟು 'ಅತ್ತೆ, ಇದು ತೂತಾಗದೆ' ಎಂದರೆ ಅತ್ತೆ ಅನುಮಾನಪ್ರಮಾಣವನ್ನು ಹೂಡಿ 'ತೂತು ಮುಚ್ಚಿಸ್ಬೋದು' ಎನ್ನುತ್ತಾಳೆ. ಸೊಸೆ ಉಪಮಾನಕ್ಕೆ ಹೋಗಿ 'ಪಕ್ಕದ ಮನೇಲೂ ಇಂಥದ್ನ ಕೊಟ್ಬುಟ್ರು' ಎಂದರೆ ಅತ್ತೆ ಶಬ್ದಪ್ರಮಾಣವನ್ನು, ಎಂದರೆ ಆಪ್ತರ ಮಾತನ್ನು, ಎತ್ತಿ 'ನಮ್ಮತ್ತೆ ಸಾಯೋವಾಗ ಇದ್ನ ಮಡೀಕೊ ಅಂದವ್ರೆ ಕಣವ್ವ' ಎಂದು ವಾದವನ್ನು ಮುಗಿಸುತ್ತಾಳೆ. ಶಬ್ದಪ್ರಮಾಣದ ಮುಂದೆ ಉಳಿದವು ನಿಲ್ಲವು.

ಹೀಗಿದ್ದೂ ಒಮ್ಮೊಮ್ಮೆ ಮನೆ ಹಗುರವಾಗುವ ಸಂದರ್ಭ ಬರುತ್ತದೆ, ಅದನ್ನು ಒದಗಿಸುವುದು ತಲೆಯ ಮೇಲೆ ಪುಟ್ಟಿ ಹೊತ್ತು ಬಂದು ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು. ಜಗಲಿಯ ಮೇಲೆ ನಡೆಯುವ ಈ ವಿನಿಮಯದಲ್ಲಿ ಒಂದು ಜರಿಸೀರೆ, ಎರಡು ಪ್ಯಾಂಟು, ಆ ಪ್ರಸಿದ್ಧ ಕೋಟು ಎಲ್ಲ ಸೇರಿದರೂ ಅವಳು ತೋರಿಸುವುದು ಒಂದು ಸಣ್ಣ ಬೇಸಿನ್ನು. ಒಂದು ಗಂಟೆಯ ಚೌಕಾಸಿಯ ಮೇಲೆ ಕೋಟು ಒಳಗೆ ಹಿಂತಿರುಗುತ್ತದೆ, ಬೇಸಿನ್ನಿನ ಬದಲು ಮುಚ್ಚಳವಿರುವ ಡಬ್ಬ ಸಿಗುತ್ತದೆ. ಖಾಲಿ ಮಾಡುವ ಕ್ರಿಯೆಯಿಂದಲೇ ತುಂಬುವ ಪಾತ್ರೆಯೊಂದು ಹುಟ್ಟುವುದನ್ನು ಜಪಾನೀ ಮತ ಊಹಿಸಿರಲಿಲ್ಲ.

ದೇವರ ವಿಷಯದಲ್ಲಿ ಶಾಸ್ತ್ರ ಇನ್ನಷ್ಟು ಜಟಿಲವಾಗುತ್ತದೆ. ಕ್ಯಾಲೆಂಡರು ಡಿಸೆಂಬರ್ 31ಕ್ಕೆ ಮುಗಿದರೂ ಅದರ ಮೇಲೆ ಅಚ್ಚಾದ ಲಕ್ಷ್ಮಿ ಮುಗಿಯುವುದಿಲ್ಲವಾದ್ದರಿಂದ, ತಾರೀಖಿನ ಭಾಗವನ್ನು ಕತ್ತರಿಸಿ ಚಿತ್ರವನ್ನು ಗೋಡೆಗೆ ಅಂಟಿಸುತ್ತಾರೆ. ಹೀಗೆ ವರ್ಷಕ್ಕೊಬ್ಬರಂತೆ ದೇವರ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಗಾಜು ಒಡೆದ ಫೋಟೊ ಮನೆಯಲ್ಲಿರಬಾರದು, ಕಸಕ್ಕೆ ಹಾಕಲೂಬಾರದು ಎಂಬ ಇಕ್ಕಟ್ಟಿಗೆ ಊರು ಕಂಡುಕೊಂಡ ಪರಿಹಾರ ಅರಳಿಕಟ್ಟೆ: ನಿವೃತ್ತ ದೇವರುಗಳೆಲ್ಲ ಅಲ್ಲಿ ಬುಡಕ್ಕೆ ಒರಗಿ, ಬಿಸಿಲಿಗೆ ಬಣ್ಣ ಬಿಟ್ಟುಕೊಂಡು, ಜೊತೆಜೊತೆಯಾಗಿ ಕೂತಿರುತ್ತಾರೆ. ಕೃತಜ್ಞತೆ ಹೇಳಿ ಕಳಿಸಿಕೊಡುವುದು ಎಂಬ ಜಪಾನೀ ಸೂತ್ರ ಇಲ್ಲಿ ಬಹಳ ಹಿಂದಿನಿಂದಲೂ ಆಚರಣೆಯಲ್ಲಿತ್ತೆಂದು ಇದರಿಂದ ಸಿದ್ಧವಾಗುತ್ತದೆ. ಕಾವೇರಿಯ ಸ್ನಾನಘಟ್ಟಗಳಲ್ಲಿ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುವುದು ಇದೇ ಬಗೆಯದಾದರೂ ಅದನ್ನು ಈ ಗ್ರಂಥ ಮೆಚ್ಚುವುದಿಲ್ಲ. ಅಲ್ಲಿ ಬಿಟ್ಟವರ ಪಾಪ ಕಳೆಯಿತೋ ಇಲ್ಲವೋ, ಬಟ್ಟೆಯಂತೂ ಮುಂದಿನ ಮೆಟ್ಟಿಲಿನ ಕಲ್ಲಿಗೆ ಸಿಕ್ಕಿಕೊಂಡು ಕೊಳೆಯುತ್ತಿರುತ್ತದೆ. ಹಳದಿ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ ತಿಮ್ಮಪ್ಪನಿಗೋ ಮಾದಪ್ಪನಿಗೋ ಎಂದು ಹರಸಿಕೊಂಡ ಮುಡಿಪಂತೂ ಮಡಗುಶಾಸ್ತ್ರದ ಪರಮಪದಾರ್ಥ: ಅದು ಮನೆಯವರದಲ್ಲ, ದೇವರಿಗೂ ಇನ್ನೂ ಸಂದಿಲ್ಲ, ಮುಟ್ಟುವಂತಿಲ್ಲ, ಬಿಡುವಂತಿಲ್ಲ, ಕಟ್ಟಿದವರು ಹೋದ ಮೇಲೆ ಯಾವ ದೇವರ ಗಂಟೆಂದು ಗೊತ್ತಿಲ್ಲದೆಯೂ ಮೂರು ತಲೆಮಾರು ಗೂಡಿನಲ್ಲಿರುತ್ತದೆ.

ದೇವರೇ ಮಡಗುಶಾಸ್ತ್ರವನ್ನು ಪಾಲಿಸುವುದಕ್ಕೆ ಮೇಲುಕೋಟೆ ಸಾಕ್ಷಿ. ಚೆಲುವನಾರಾಯಣನ ವೈರಮುಡಿ ಕಿರೀಟ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿದ್ದು, ಫಾಲ್ಗುಣ ಮಾಸದಲ್ಲಿ ಪೊಲೀಸ್ ಕಾವಲಿನೊಂದಿಗೆ, ದಾರಿಯ ಹಳ್ಳಿಗಳಲ್ಲಿ ಪೂಜೆ ಪಡೆಯುತ್ತ ಬೆಟ್ಟಕ್ಕೆ ಹೋಗುತ್ತದೆ. ಹಗಲಿನ ಬೆಳಕು ತಾಗಬಾರದೆಂಬ ನಂಬಿಕೆಯಿಂದ ರಾತ್ರಿ ಮಾತ್ರ ಸ್ವಾಮಿಗೆ ತೊಡಿಸಿ ಉತ್ಸವ ನಡೆಸಿ ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ವರ್ಷಕ್ಕೊಂದೇ ರಾತ್ರಿ ತೊಡುವುದು, ಬಿಸಿಲಿಗೆ ಹಿಡಿಯದಿರುವುದು, ಬೀಗದ ಕೈ ಬೇರೆಯವರ ಬಳಿ ಇರುವುದು ಎಂಬ ಮೂರು ನಿಯಮಗಳು ಈ ಸೀಮೆಯ ಧಾರೆಸೀರೆಗೂ ಅಕ್ಷರಶಃ ಅನ್ವಯಿಸುತ್ತವೆ. ರಾಜ ಒಡೆಯರು ಕೊಟ್ಟ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ ಎಂಬ ಇನ್ನೆರಡು ಕಿರೀಟಗಳೂ ಸ್ವಾಮಿಗೆ ಇವೆ. ಕೊಟ್ಟವರ ಹೆಸರು ವಸ್ತುವಿಗೆ ಅಂಟಿರುವುದರಿಂದ ಇವನ್ನೂ ಮುಯ್ಯಿಪಾತ್ರೆಗಳ ಅಧಿಕರಣಕ್ಕೇ ಸೇರಿಸಬಹುದು.

ಮನೆಯೆಲ್ಲ ನಿಜವಾಗಿ ಹೊರಗೆ ಬರುವುದು ಭಾದ್ರಪದದ ಪಿತೃಪಕ್ಷದಲ್ಲಿ, ಎಂದರೆ ಸತ್ತ ಹಿರಿಯರು ಉಣ್ಣಲು ಬರುತ್ತಾರೆಂದು ನಂಬುವ ಕಾಲದಲ್ಲಿ. ಅಟ್ಟದ ಪಾತ್ರೆ, ಮಂಚದಡಿಯ ಗೋಣಿಚೀಲ, ಟ್ರಂಕು, ಚಾಪೆ, ಕಂಬಳಿ ಎಲ್ಲ ಅಂಗಳಕ್ಕೆ ಬಂದು ಬಿಸಿಲು ಕಾಯುತ್ತವೆ, ಗೋಡೆಗೆ ಸುಣ್ಣ ಬಳಿಯುತ್ತಾರೆ, ಒಂದು ಮಧ್ಯಾಹ್ನದ ಮಟ್ಟಿಗೆ ಮನೆ ಬೆತ್ತಲೆಯಾಗಿ ನಿಂತು ತನ್ನ ದನಿಯೇ ಪ್ರತಿಧ್ವನಿಸುವಷ್ಟು ದೊಡ್ಡದಾಗಿ ಕಾಣುತ್ತದೆ. ಮಾರಿ ಕೊಂಡೊ ಅವರು ಆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ತಮ್ಮ ಮತ ಗೆದ್ದಿತೆಂದುಕೊಳ್ಳುತ್ತಿದ್ದರು; ಸಂಜೆಯವರೆಗೆ ಕಾದಿದ್ದರೆ ಒಂದೊಂದೂ ಒರಸಿಸಿಕೊಂಡು ಮತ್ತೆ ಅದದೇ ಜಾಗಕ್ಕೆ ಹೋಗುವುದನ್ನು ನೋಡುತ್ತಿದ್ದರು. ಎಡೆಯ ದಿನ ಕಳಸದ ಮುಂದೆ ಬಾಡೂಟ, ಕಜ್ಜಾಯಗಳ ಜೊತೆ ಹೊಸ ಪಂಚೆ, ಹೊಸ ಸೀರೆಗಳನ್ನು ಮಡಗುತ್ತಾರೆ. ಸತ್ತವರಿಗೆ ಹೊಸಬಟ್ಟೆ, ಇರುವವರಿಗೆ ಸತ್ತವರ ಹಳೆಯ ಬಟ್ಟೆ ಎಂಬ ಈ ವ್ಯವಸ್ಥೆಯಲ್ಲಿ ಫ್ಯಾಷನ್ನಿನ ಮುಂಚೂಣಿಯಲ್ಲಿರುವವರು ಪಿತೃಗಳು. ಪೂಜೆಯಾದ ಮೇಲೆ ಮಕ್ಕಳು ಮೊಮ್ಮಕ್ಕಳು ಅದನ್ನು ಉಡುತ್ತಾರಾದರೂ ಅಜ್ಜಿಗೆಂದು ಮಡಗಿದ ಸೀರೆಯ ಬಣ್ಣವನ್ನು ಅಜ್ಜಿಗೆ ಇಷ್ಟವಾದದ್ದನ್ನೇ ನೋಡಿ ತರುವುದರಿಂದ ಮೊಮ್ಮಗಳು ಇಪ್ಪತ್ತೆರಡನೆಯ ವಯಸ್ಸಿನಲ್ಲೂ ಕಡುನೇರಳೆಯಲ್ಲೇ ಓಡಾಡಬೇಕಾಗುತ್ತದೆ.

ಇದಾಗಿ ಹದಿನೈದು ದಿನ ಕಳೆಯುವುದರೊಳಗೆ ದಸರೆ. ಬೊಂಬೆ ಕೂರಿಸುವ ಮನೆಗಳಲ್ಲಿ ಮರದ ಪಟ್ಟದ ಗೊಂಬೆಗಳು, ಹತ್ತಿರದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿ ಕಡೆದ ಆಟಿಕೆಗಳು ಪೆಟ್ಟಿಗೆಯಿಂದ ಎದ್ದು ಬರುತ್ತವೆ; ಹಳೆಯ ಕುಪ್ಪಸದ ಜರಿಯಂಚನ್ನು ಕತ್ತರಿಸಿ ರಾಣಿಗೆ ಸೀರೆ, ರಾಜನಿಗೆ ಪೇಟ ಹೊಲಿಯುತ್ತಾರೆ. ಇವನ್ನು ಕೂರಿಸುವ ಮೆಟ್ಟಿಲುಗಳು ಯಾವುವೆಂದರೆ, ಅದೇ ಟ್ರಂಕುಗಳು, ಒಂದರ ಮೇಲೊಂದು ಪೇರಿಸಿ ಮೇಲೆ ಬಿಳಿಯ ಪಂಚೆ ಹಾಸಿದವು. ಒಳಗೆ ಮಡಗಿದ್ದು ಒಂಬತ್ತು ದಿನ ಮೇಲೆ ಕೂತು, ಮಡಗಿಕೊಂಡದ್ದು ಕೆಳಗೆ ಆಸನವಾಗುವ ಈ ಏರ್ಪಾಟನ್ನು ಕಂಡ ಮೇಲೆ ಕೈಗೆಲಸ, ಭಕ್ತಿ, ಹಳೆಯ ಉಡುಪು, ಸಾಮಾನಿನ ರಾಶಿ ಇವು ನಾಲ್ಕು ಬೇರೆ ಬೇರೆ ವಿಷಯಗಳೆಂದು ವಾದಿಸುವವರು ದಯವಿಟ್ಟು ಆ ಟ್ರಂಕನ್ನು ಒಮ್ಮೆ ಎತ್ತಿ ನೋಡಬೇಕು.

ಈಚಿನ ವರ್ಷಗಳಲ್ಲಿ 'ವಿಂಟೇಜ್' ಎಂಬ ಪದ ಶಾಸ್ತ್ರದ ಬಾಗಿಲು ತಟ್ಟಿದೆ. ಮೂಲದಲ್ಲಿ ದ್ರಾಕ್ಷಿಯ ಸುಗ್ಗಿಗೂ ಇಂಥ ವರ್ಷದ ದ್ರಾಕ್ಷಾರಸ ಎಂಬುದಕ್ಕೂ ಸಂಬಂಧಿಸಿದ ಈ ಯುರೋಪಿನ ಮಾತು ಈಗ ಹಳೆಯದಾದ್ದರಿಂದಲೇ ಬೆಲೆ ಹೆಚ್ಚಿದ ಉಡುಪಿಗೆ ಸಲ್ಲುತ್ತದೆ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಂದಿನಿಂದ ಸೀಮೆಗೆ ಗೊತ್ತಿರುವ ದೊಡ್ಡ ಸುಗ್ಗಿ ಕಬ್ಬಿನದು, ಮತ್ತು ಕಬ್ಬು ಹಳೆಯದಾದಷ್ಟೂ ತೂಕ ಇಳಿಯುತ್ತದೆಯೇ ಹೊರತು ಬೆಲೆ ಏರುವುದಿಲ್ಲವಾದ್ದರಿಂದ ಈ ಪದ ಇಲ್ಲಿ ಬೇರೂರಲು ಕಾಲ ಹಿಡಿಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮೇಲೆ ವಾರಾಂತ್ಯಕ್ಕೆ ಬಂದಿಳಿಯುವ ಮೊಮ್ಮಗಳು ಟ್ರಂಕಿನ ಮುಂದೆ ಕೂತು, ನಿನ್ನೆಯವರೆಗೆ ಕಣ್ಣೆತ್ತಿ ನೋಡದ ಪಫ್ ತೋಳಿನ ಕುಪ್ಪಸವನ್ನು ಎದೆಗವಚಿಕೊಂಡು 'ಅಜ್ಜಿ, ಇದು ನಂಗೆ' ಎನ್ನುತ್ತಾಳೆ. ಎರಡನೆಯ ಸೂತ್ರ ಆ ಗಳಿಗೆಯಲ್ಲಿ ಸಿದ್ಧಾಂತವಾಗುತ್ತದೆ. ಅಜ್ಜಿ ಸೊಸೆಯ ಕಡೆ ಒಮ್ಮೆ ನೋಡುತ್ತಾಳೆ, ಮಾತಾಡುವುದಿಲ್ಲ. ಕೋಟನ್ನು ಮಾತ್ರ ಮೊಮ್ಮಗನೂ ಒಲ್ಲೆನೆಂದ.

ಕೊನೆಯ ಅಧಿಕರಣ ಬೀಗದ ಕೈಯದು. ಮೈಮರೆತು ಎಲ್ಲೋ ಹಾಕಿದ ವಸ್ತು ಹುಡುಕಿದರೆ ಸಿಗುತ್ತದೆ, ಭದ್ರವಾಗಿ ಮಡಗಿದ ವಸ್ತು ಸಿಗುವುದಿಲ್ಲ, ಏಕೆಂದರೆ ಭದ್ರವೆಂಬುದು ಕಳ್ಳನಿಗೆ ಹೊಳೆಯದ ಜಾಗವಾಗಿದ್ದು, ಕಳ್ಳನಿಗೆ ಹೊಳೆಯದ್ದು ಮಡಗಿದವಳಿಗೂ ಮೂರು ತಿಂಗಳ ಮೇಲೆ ಹೊಳೆಯುವುದಿಲ್ಲ. ಅಕ್ಕಿಡ್ರಮ್ಮು, ದೇವರ ಫೋಟೊದ ಹಿಂದು, ರಾಗಿಕಲ್ಲಿನ ಗುಂಡಿ, ರೇಡಿಯೋ ಮುಸುಕಿನ ಒಳಗು ಎಲ್ಲವನ್ನೂ ತಡಕಿ ಆದ ಮೇಲೆ ಬೀಗ ಒಡೆಯುವವನನ್ನು ಕರೆಸುವುದು, ಅವನು ಎರಡೇಟಿಗೆ ಒಡೆಯುವುದು, ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಅಂಗಳದವರೆಗೆ ನುಗ್ಗುವುದು ವಾಡಿಕೆ. ಒಡೆದ ಬೀಗವನ್ನು ಅವನು ತನ್ನ ಚೀಲಕ್ಕೆ ಹಾಕಿಕೊಳ್ಳಲು ಹೋದರೆ 'ಇರ್ಲಿ ಬುಡಪ್ಪ, ಯಾತಕ್ಕಾದ್ರೂ ಆಯ್ತದೆ' ಎಂಬ ದನಿ ಒಳಗಿನಿಂದ ಬರುತ್ತದೆ, ಬೀಗ ಕೋಟಿನ ಜೇಬು ಸೇರುತ್ತದೆ. ಹೊಸ ಬೀಗದ ಜೊತೆ ಎರಡು ಕೈ ಬರುತ್ತವೆ. ಒಂದನ್ನು ಹಿರಿಯಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಇನ್ನೊಂದನ್ನು ಭದ್ರವಾಗಿ ಮಡಗಲಾಗುತ್ತದೆ.